ನಕ್ಷತ್ರಗಳ ಮಿನುಗು, ಗ್ರಹಗಳ ಸ್ಥಿರಪ್ರಭೆ

(ಶ್ರೀಮಠದ ಮಹೋತ್ಸವ ಸಂದರ್ಭದಲ್ಲಿ ಭಕ್ತಸಭೆಯಲ್ಲಿ ನಡೆದ ಉಪನ್ಯಾಸ)

 

ಮಠದ ಅಂಗಳದಲ್ಲಿ ದಾಸೋಹವು ಮುಗಿದು, ಎಲೆಗಳನ್ನು ತೆಗೆದು, ಹೊಸಪೇಟೆ ಕಂಪ್ಲಿ ಸಂಡೂರುಗಳ ಸುತ್ತಣ ಹಳ್ಳಿಗಳಿಂದ ಬಂದ ಭಕ್ತರು ಕಂಬಳಿಗಳನ್ನು ಹಾಸಿಕೊಂಡು ಮೈಚೆಲ್ಲುವ ಹೊತ್ತಿಗೆ ಆಕಾಶವು ತಾನಾಗಿಯೇ ಕಣ್ಣಿಗೆ ಬೀಳುವುದು. ಆಗ ಹಿರಿಯರ ಮಗ್ಗುಲಲ್ಲಿ ಮಲಗಿದ ಹುಡುಗನು ಒಂದು ಪ್ರಶ್ನೆಯನ್ನು ಕೇಳದೆ ಬಿಡನು: “ಅಜ್ಜಾ, ಆ ಚುಕ್ಕಿ ಯಾಕ ಮಿಣಮಿಣ ಅಂತೈತಿ, ಈ ಚುಕ್ಕಿ ಯಾಕ ಸುಮ್ನ ಕುಂತೈತಿ?” ಹುಡುಗನು ಸುಮ್ಮನೆ ಕುಳಿತಿರುವುದೆಂದು ತೋರಿಸಿದ ಚುಕ್ಕೆಯು ಬಹುಶಃ ಗುರುಗ್ರಹವಾಗಿರುವುದು, ಇಲ್ಲವೆ ಪಡುವಣದಲ್ಲಿ ಇಳಿಯುತ್ತಿರುವ ಬೆಳ್ಳಿಯಾಗಿರುವುದು. ಮಿಣಮಿಣವೆನ್ನುವುದು ನಕ್ಷತ್ರ. ಈ ಒಂದೇ ಗುರುತಿನಿಂದ ಅಕ್ಷರವರಿಯದ ಕುರುಬನೂ ಗ್ರಹವನ್ನು ನಕ್ಷತ್ರದಿಂದ ಬೇರ್ಪಡಿಸಿ ತೋರಿಸಬಲ್ಲನು. ಗುರುತು ಸುಲಭವಾದುದು. ಅದರ ಕಾರಣವನ್ನು ಹುಡುಕುವುದರಲ್ಲಿ ಮಾತ್ರ ಲೋಕದ ಪಂಡಿತರು ಬಹುಕಾಲ ದಾರಿತಪ್ಪಿದರು. ಅದನ್ನು ವಿಚಾರಿಸುವುದೇ ಪ್ರಕೃತ ಉಪನ್ಯಾಸದ ವಿಷಯವು.

ಅಜ್ಜನಾದವನು ಸಾಮಾನ್ಯವಾಗಿ ಕೊಡುವ ಉತ್ತರವು ಒಂದುಂಟು. ನಕ್ಷತ್ರಗಳು ಸ್ವಯಂಪ್ರಕಾಶವುಳ್ಳವು, ಉರಿಯುವ ಬೆಂಕಿಯು ಅಲುಗಾಡುವುದು ಸಹಜವು. ಗ್ರಹಗಳಾದರೋ ಸೂರ್ಯನ ಬೆಳಕನ್ನು ಎರವು ಪಡೆದವು, ಆದುದರಿಂದ ಕನ್ನಡಿಯಂತೆ ಸುಮ್ಮನೆ ಹೊಳೆಯುವುವು ಎಂಬುದೇ ಆ ಉತ್ತರ. ಪಾಠಶಾಲೆಗಳಲ್ಲಿಯೂ ಹೀಗೆಯೇ ಕಲಿತು ಬಂದವರು ಕಡಮೆಯಿಲ್ಲ. ನಕ್ಷತ್ರಗಳು ಸ್ವಯಂಪ್ರಕಾಶವುಳ್ಳವು, ಗ್ರಹಗಳ ಬೆಳಕು ಎರವಿನದು ಎಂಬಷ್ಟು ನಿಜವೇ ಸರಿ. ಆದರೆ ಮಿನುಗಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಸೂರ್ಯನೂ ಒಂದು ನಕ್ಷತ್ರವೇ ಆಗಿರುವನು. ಅವನು ಎಂದಾದರೂ ಮಿನುಗಿದ್ದುಂಟೆ? ಮಂಗಳ ಗುರುಗಳ ನಡುವೆ ಸೂರ್ಯನನ್ನು ಸುತ್ತುವ ಸಾವಿರಾರು ಕ್ಷುದ್ರಗ್ರಹಗಳ ಬೆಳಕು ಕೇವಲ ಎರವಿನದು. ಆದರೂ ದುರ್ಬೀನಿನಲ್ಲಿ ನೋಡಿದರೆ ಅವು ನಕ್ಷತ್ರಗಳಂತೆಯೇ ಮಿನುಗುವುವು. ಇನ್ನು ಸೂರ್ಯೋದಯವನ್ನು ನೋಡಲೆಂದು ಬೆಳಗಿನ ಜಾವ ಹಂಪೆಯ ಮಾತಂಗಪರ್ವತವನ್ನು ಹತ್ತುವವರು ದೂರದ ಊರುಗಳ ವಿದ್ಯುದ್ದೀಪಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಬೀದಿಯಲ್ಲಿ ಕಂಬದ ಕೆಳಗೆ ನಿಂತವನಿಗೆ ಅಲುಗದೆ ಬೆಳಗುವ ದೀಪವೇ ಹರಿದಾರಿಗಳಾಚೆಯಿಂದ ನೋಡುವವನಿಗೆ ನಕ್ಷತ್ರದಂತೆ ಮಿನುಗುವುದು. ದೀಪವು ಒಂದೇ; ಅದರ ಬೆಳಕು ಕೆಳಗೊಂದು ಬಗೆ ಮೇಲೊಂದು ಬಗೆ ಆಗಲಾರದು. ಬದಲಾದದ್ದು ದೀಪಕ್ಕೂ ಕಣ್ಣಿಗೂ ಇರುವ ಎಡೆ ಮಾತ್ರ.

ಗ್ರೀಸ್ ದೇಶದ ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಈ ಪ್ರಶ್ನೆಯನ್ನು ಎತ್ತಿಕೊಂಡನು. ಅವನ ಮತದಲ್ಲಿ ದೃಷ್ಟಿಯು ಕಣ್ಣಿನಿಂದ ಹೊರಟು ವಸ್ತುವನ್ನು ಮುಟ್ಟುವುದು. ಗ್ರಹಗಳು ಸಮೀಪದಲ್ಲಿರುವುದರಿಂದ ದೃಷ್ಟಿಯು ತನ್ನ ಪೂರ್ಣ ಬಲದೊಡನೆ ಅವನ್ನು ತಲಪುವುದು. ನಕ್ಷತ್ರಗಳು ಬಹುದೂರದಲ್ಲಿರುವುದರಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ದೃಷ್ಟಿಯೇ ಸೋತು ನಡುಗುವುದು. ಹೀಗೆ ನಕ್ಷತ್ರದ ಮೇಲಿದ್ದ ದೋಷವನ್ನು ಅವನು ಮನುಷ್ಯನ ಕಣ್ಣಿನ ಮೇಲೆ ಹೊರಿಸಿದನು. ತರ್ಕವು ಕೆಟ್ಟರೂ ಅವನ ಮಾತಿನಲ್ಲಿ ಒಂದು ಸತ್ಯಾಂಶವು ಉಳಿಯಿತು. ಮಿನುಗದಿರುವುದು ಹತ್ತಿರ, ಮಿನುಗುವುದು ದೂರ ಎಂದು ಅವನು ಕಂಡದ್ದು ಸರಿಯಾಗಿಯೇ ಇರುವುದು. ದೋಷವು ನಕ್ಷತ್ರದಲ್ಲಿಯೂ ಇಲ್ಲ, ಕಣ್ಣಿನಲ್ಲಿಯೂ ಇಲ್ಲ. ಅವೆರಡರ ನಡುವೆ, ಮನುಷ್ಯನ ಮೂಗಿನ ತುದಿಯಿಂದಲೇ ಮೊದಲಾಗಿ ಹಬ್ಬಿಕೊಂಡಿರುವ, ಎಲ್ಲಕ್ಕಿಂತಲೂ ಸಮೀಪವಾದುದರಿಂದಲೇ ಯಾರ ಗಮನಕ್ಕೂ ಬಾರದಿದ್ದ ಗಾಳಿಯಲ್ಲಿ ಇರುವುದು.

ಬೆಳಕು ಸರಳರೇಖೆಯಲ್ಲಿ ನಡೆಯುವುದೆಂಬುದಕ್ಕೆ ಹಂಪೆಯಲ್ಲಿರುವಂಥ ಸುಂದರವಾದ ಸಾಕ್ಷ್ಯವು ಬೇರೆಡೆ ದುರ್ಲಭವು. ವಿರೂಪಾಕ್ಷದೇವಾಲಯದ ಹಿಂಭಾಗದ ಒಂದು ಕತ್ತಲೆಯ ಕೋಣೆಯಲ್ಲಿ, ಗೋಡೆಯ ಸಣ್ಣ ರಂಧ್ರದಿಂದ ಬರುವ ಬೆಳಕು ಮಹಾಗೋಪುರದ ತಲೆಕೆಳಗಾದ ಛಾಯೆಯನ್ನು ಎದುರಿನ ಗೋಡೆಯ ಮೇಲೆ ಮೂಡಿಸುವುದನ್ನು ಯಾತ್ರಿಕರೆಲ್ಲರೂ ನೋಡಿರುವರು. ಕಿರಣಗಳು ನೆಟ್ಟಗೆ ಬರುವುದರಿಂದ ಶಿಖರದ ಕಿರಣವು ರಂಧ್ರವನ್ನು ದಾಟಿ ಕೆಳಕ್ಕೂ ಬುಡದ ಕಿರಣವು ಮೇಲಕ್ಕೂ ಹೋಗಿ ಚಿತ್ರವು ತಿರುವುಮುರುವಾಗುವುದು. ಆದರೆ ಈ ಸರಳತೆಯು ಗಾಳಿಯು ಎಲ್ಲೆಡೆಯೂ ಒಂದೇ ಸಮನಾಗಿರುವಷ್ಟರ ಮಟ್ಟಿಗೆ ಮಾತ್ರ. ತಣ್ಣನೆಯ ಗಾಳಿಯು ದಟ್ಟವಾದುದು, ಬಿಸಿಗಾಳಿಯು ತೆಳ್ಳನೆಯದು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕಿರಣವು ಎಳ್ಳಷ್ಟು ಬಾಗುವುದು. ಕಬ್ಬಿನ ಸುಗ್ಗಿಯಲ್ಲಿ ಆಲೆಮನೆಯ ಕಡೆಗೆ ಹೋದವರು ಇದನ್ನು ಕಣ್ಣಾರೆ ಕಂಡಿರುವರು. ಕುದಿಯುವ ಕೊಪ್ಪರಿಗೆಯ ಒಲೆಯಾಚೆ ನಿಂತವನ ಮುಖವು ನೀರಿನಲ್ಲಿ ಕಂಡಂತೆ ಕದಲುವುದು. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಹಂಪೆಯ ಹೆಬ್ಬಂಡೆಗಳು ಕಾದಾಗ ಅವುಗಳ ಮೇಲಿಂದ ನೋಡಿದರೆ ದೂರದ ಮಂಟಪದ ಕಂಬಗಳು ಬಳ್ಳಿಗಳಂತೆ ಬಳುಕುವುವು. ಕಂಬಗಳು ಬಳುಕಿದವೆಂದು ಯಾರೂ ನಂಬುವುದಿಲ್ಲವಷ್ಟೆ.

ಇದೇ ವ್ಯಾಪಾರವು ರಾತ್ರಿಯ ಆಕಾಶದಲ್ಲಿ ಹೇಗೆ ನಡೆಯುವುದೆಂಬುದನ್ನು ಅರಿಯಬೇಕಾದರೆ ಕಂಪ್ಲಿಯಲ್ಲಿ ತುಂಗಭದ್ರೆಯ ದಂಡೆಗೆ ಹೋಗಿ, ಮೊಣಕಾಲುದ್ದದ ತಿಳಿನೀರು ಮೆಲ್ಲಗೆ ಹರಿಯುತ್ತಿರುವೆಡೆಯಲ್ಲಿ, ಬಿಸಿಲಿನ ಹೊತ್ತು ತಳದ ಮರಳನ್ನು ನೋಡಬೇಕು. ಮರಳಿನ ಮೇಲೆ ಬೆಳಕಿನ ಒಂದು ಬಲೆಯು ಹಾಸಿದಂತಿರುವುದು. ಅದರ ಎಳೆಗಳು ಕೂಡುತ್ತ, ಬಿಡುತ್ತ, ಓಡುತ್ತ ಇರುವುವು. ನೀರಿನ ಮೇಲಣ ಸಣ್ಣ ತೆರೆಗಳು ಒಂದೊಂದೂ ಒಂದೊಂದು ಮಸೂರದಂತೆ ವರ್ತಿಸಿ, ಸೂರ್ಯನ ಕಿರಣಗಳನ್ನು ಒಂದೆಡೆಗೆ ಒಟ್ಟುಗೂಡಿಸಿ ಮತ್ತೊಂದೆಡೆ ಚದುರಿಸುವುದರಿಂದ ಈ ಬಲೆಯು ಉಂಟಾಗುವುದು. ತಳದಲ್ಲಿ ಅಂಟಿಕೊಂಡಿರುವ ಒಂದು ಸಣ್ಣ ಮೀನಿಗೆ ಕಣ್ಣೆತ್ತಿ ನೋಡುವ ಬುದ್ಧಿಯಿದ್ದರೆ, ಎಳೆಯು ತನ್ನ ಮೇಲೆ ಹಾದುಹೋದಾಗ ಬೆಳಕು ಹೆಚ್ಚಿತೆಂದೂ, ಬಲೆಯ ಕಣ್ಣು ಬಂದಾಗ ಕುಗ್ಗಿತೆಂದೂ ತೋರುವುದು.

ಮನುಷ್ಯನೂ ಹೀಗೆ ಒಂದು ಹೊಳೆಯ ತಳದಲ್ಲಿಯೇ ಬಾಳುತ್ತಿರುವನು. ಅವನ ತಲೆಯ ಮೇಲೆ ಹರಿಯುವುದು ಗಾಳಿಯ ಹೊಳೆ. ಅದರಲ್ಲಿ ಬಿಸಿಯೂ ತಂಪೂ ಆದ ಪೊಟ್ಟಣಗಳು ಒಂದರೊಡನೊಂದು ಹೊರಳಾಡುತ್ತಿರುವುವು. ನೆಲದ ಸಮೀಪದಲ್ಲಿ ಹಗಲು ಕಾದ ಬಂಡೆ, ಮಾಳಿಗೆ, ರಸ್ತೆಗಳು ರಾತ್ರಿ ಬಿಡುವ ಶಾಖದಿಂದ ಈ ಕಲಕಾಟವು ಹುಟ್ಟುವುದು. ಹತ್ತು ಕಿಲೋಮೀಟರಿನ ಸುಮಾರು ಎತ್ತರದಲ್ಲಿ ಬೀಸುವ ವೇಗವಾದ ಗಾಳಿಗಳಲ್ಲಿಯೂ ಹುಟ್ಟುವುದು. ಕಣ್ಣಿಗೆ ಮಿನುಗನ್ನು ತೋರಿಸುವುದರಲ್ಲಿ ಮೇಲಣ ಗಾಳಿಯ ಪಾತ್ರವೇ ಹೆಚ್ಚಿನದು. ನಕ್ಷತ್ರದ ಬೆಳಕು ಈ ಪೊಟ್ಟಣಗಳನ್ನು ಹಾದು ಭೂಮಿಗೆ ಇಳಿಯುವಾಗ ನೆಲದ ಮೇಲೆ, ಮರಳಿನ ಮೇಲಣ ಬಲೆಯಂತೆಯೇ, ಕೆಲವು ಅಂಗುಲಗಳ ಅಗಲವುಳ್ಳ ಬೆಳಕು ನೆರಳುಗಳ ಒಂದು ಚಿತ್ರವು ಬೀಳುವುದು. ಅದು ಬಲು ಮಂದವಾದುದರಿಂದ ಯಾರಿಗೂ ಕಾಣದು. ಮೇಲಣ ಗಾಳಿಯು ಆ ಚಿತ್ರವನ್ನು ಸೆಳೆದುಕೊಂಡು ಹೋಗುತ್ತಿರುವುದು. ಕತ್ತಲೆಯಲ್ಲಿ ಅರಳಿದ ಕಣ್ಣಿನ ಪಾಪೆಯು ಐದಾರು ಮಿಲಿಮೀಟರು ಮಾತ್ರ. ಅದರ ಮೇಲೆ ಕ್ಷಣಕ್ಕೆ ಹಲವು ಸಲ ಬೆಳಕಿನ ಪಟ್ಟಿಯೂ ನೆರಳಿನ ಪಟ್ಟಿಯೂ ಹಾಯುವುವು. ಇದೇ ಮಿನುಗು.

ಈ ಮಾತಿನಲ್ಲಿ ವಿಸ್ಮಯಪಡತಕ್ಕ ಅಂಶವೊಂದುಂಟು. ಆರಿದ್ರಾ ನಕ್ಷತ್ರದ ದೂರವನ್ನು ೫೦೦ರಿಂದ ೭೦೦ ಜ್ಯೋತಿರ್ವರ್ಷಗಳವರೆಗೆ ಎಣಿಸುವರು. ಎಂದರೆ, ಈ ರಾತ್ರಿ ಮಠದ ಅಂಗಳದಲ್ಲಿ ಕಾಣುವ ಅದರ ಬೆಳಕು ಅಲ್ಲಿಂದ ಹೊರಟಾಗ ಹಂಪೆಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದಿರಬೇಕು, ಇಲ್ಲವೆ ಆ ಪಟ್ಟಣವು ಇನ್ನೇನು ಕಟ್ಟಲ್ಪಡುತ್ತಿದ್ದಿರಬೇಕು. ರಾಜ್ಯವು ಬೆಳೆಯಿತು, ೧೫೬೫ರ ಯುದ್ಧವು ನಡೆಯಿತು, ಪಟ್ಟಣವು ಹಾಳಾಯಿತು, ಹಾಳಿನ ಮೇಲೆ ಹುಲ್ಲು ಬೆಳೆಯಿತು; ಆ ಕಿರಣವು ಅಷ್ಟು ಕಾಲವೂ ಎಲ್ಲಿಯೂ ಅಲುಗದೆ ನಡೆದುಬಂದಿತು. ಭೂಮಿಯ ಗಾಳಿಯೊಳಗೆ, ಕಟ್ಟಕಡೆಯ ಹದಿನೈದು ಕಿಲೋಮೀಟರುಗಳಲ್ಲಿ, ಒಂದು ಸೆಕೆಂಡಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಅದು ತತ್ತರಿಸುವುದು. ಜನರು ನಕ್ಷತ್ರದ ಮಿನುಗೆಂದು ಕರೆಯುವುದು ಇಷ್ಟನ್ನೇ.

ಹಾಗಾದರೆ ಗ್ರಹದ ಬೆಳಕೂ ಇದೇ ಗಾಳಿಯನ್ನು ಹಾದುಬರುವುದಲ್ಲವೆ? ಅದೇಕೆ ತತ್ತರಿಸುವುದಿಲ್ಲ? ಪ್ರಶ್ನೆಯ ತಿರುಳು ಇಲ್ಲಿರುವುದರಿಂದ ಸ್ವಲ್ಪ ನಿಧಾನವಾಗಿ ಹೋಗಬೇಕು.

ಪಂಚಾಂಗವನ್ನು ಬಲ್ಲವರಿಗೆ ಅಂಶ, ಕಲೆ, ವಿಕಲೆಗಳ ಲೆಕ್ಕವು ಪರಿಚಿತವು. ವೃತ್ತವನ್ನು ೩೬೦ ಅಂಶಗಳಾಗಿಯೂ, ಅಂಶವನ್ನು ೬೦ ಕಲೆಗಳಾಗಿಯೂ, ಕಲೆಯನ್ನು ೬೦ ವಿಕಲೆಗಳಾಗಿಯೂ ಭಾಗಿಸುವರು. ಚಂದ್ರಬಿಂಬದ ಅಗಲವು ಸುಮಾರು ೩೦ ಕಲೆ. ಗುರುವಿನ ಬಿಂಬವು ೩೦ರಿಂದ ೫೦ ವಿಕಲೆಗಳವರೆಗೂ, ಬೆಳ್ಳಿಯದು ದೂರಸಮೀಪಗಳಿಗೆ ತಕ್ಕಂತೆ ಸುಮಾರು ೧೦ರಿಂದ ೬೦ ವಿಕಲೆಗಳವರೆಗೂ ಇರುವುವು. ಬರಿಗಣ್ಣಿಗೆ ಇವು ಚುಕ್ಕೆಗಳಾಗಿ ತೋರಿದರೂ ವಾಸ್ತವವಾಗಿ ಸಣ್ಣ ತಟ್ಟೆಗಳು. ನಕ್ಷತ್ರಗಳಲ್ಲಿ ಅತಿ ದೊಡ್ಡ ಬಿಂಬವುಳ್ಳವುಗಳಲ್ಲೊಂದಾದ ಆರಿದ್ರೆಯ ಅಗಲವನ್ನು ಅಮೇರಿಕಾದ ಮೌಂಟ್ ವಿಲ್ಸನ್ ವೇಧಶಾಲೆಯಲ್ಲಿ ಮೈಕೆಲ್ಸನ್, ಪೀಸ್ ಎಂಬ ವಿದ್ವಾಂಸರು ೧೯೨೦ರ ಡಿಸೆಂಬರಿನಲ್ಲಿ ಅಳೆದರು. ಅದು ಒಂದು ವಿಕಲೆಯ ಇಪ್ಪತ್ತರಲ್ಲೊಂದು ಪಾಲೆಂದು ತಿಳಿದುಬಂದಿತು. ಆಕಾಶದಲ್ಲೆಲ್ಲ ಅತ್ಯಂತ ಪ್ರಕಾಶವುಳ್ಳ ಲುಬ್ಧಕದ್ದು ಇನ್ನೂ ಕಿರಿದು. ವಿಕಲೆಯ ಸಾವಿರದಲ್ಲಿ ಆರು ಪಾಲು.

ಅಂಕೆಗಳು ಮನಸ್ಸಿಗೆ ಹಿಡಿಯದಿದ್ದರೆ ಹತ್ತು ರೂಪಾಯಿಯ ನಾಣ್ಯವನ್ನು ತೆಗೆದುಕೊಳ್ಳಬಹುದು. ಅದರ ಅಗಲವು ೨೭ ಮಿಲಿಮೀಟರು. ಆ ನಾಣ್ಯವನ್ನು ೧೧೧ ಮೀಟರು ದೂರದಲ್ಲಿ, ಎಂದರೆ ಊರ ಬೀದಿಯ ಆ ತುದಿಯಲ್ಲಿ ಹಿಡಿದರೆ ಗುರುವಿನ ದೊಡ್ಡ ಬಿಂಬದಷ್ಟಾಗುವುದು. ಆರಿದ್ರೆಯಷ್ಟಾಗಬೇಕಾದರೆ ಅದೇ ನಾಣ್ಯವನ್ನು ೧೧೧ ಕಿಲೋಮೀಟರು ಒಯ್ಯಬೇಕು. ಹೊಸಪೇಟೆಯಲ್ಲಿ ನಿಂತವನಿಗೆ ಅದು ಬಳ್ಳಾರಿಯ ಸುಮಾರು ಎರಡರಷ್ಟು ದೂರ. ಲುಬ್ಧಕದಷ್ಟಾಗಬೇಕಾದರೆ ೯೦೦ ಕಿಲೋಮೀಟರುಗಳಿಗೂ ಮೇಲೆ, ಕನ್ಯಾಕುಮಾರಿಯನ್ನೂ ದಾಟಿ ಸಮುದ್ರದೊಳಕ್ಕೆ ಹೋಗಬೇಕು.

ಈಗ ಹತ್ತು ಕಿಲೋಮೀಟರು ಎತ್ತರದಲ್ಲಿರುವ ಒಂದು ಗಾಳಿಯ ಪೊಟ್ಟಣವನ್ನು ಭಾವಿಸೋಣವಾಗಲಿ. ಅದರ ಅಗಲವು ಅರ್ಧ ಗೇಣು. ಆರಿದ್ರೆಯ ಬಿಂಬದ ಎಡಗಡೆಯಂಚಿನಿಂದ ಒಂದು ಕಿರಣವೂ ಬಲಗಡೆಯಂಚಿನಿಂದ ಒಂದು ಕಿರಣವೂ ಹೊರಟು ಒಂದೇ ಕಣ್ಣನ್ನು ಸೇರುವುವೆಂದಿಟ್ಟುಕೊಂಡರೆ, ಆ ಎತ್ತರದಲ್ಲಿ ಅವೆರಡರ ನಡುವಣ ಅಂತರವು ಎರಡೂವರೆ ಮಿಲಿಮೀಟರಿಗಿಂತ ಕಡಮೆ. ಎರಡೂ ಒಂದೇ ಪೊಟ್ಟಣದೊಳಗೆ ಹಾದುಬರುವುವು. ಬಾಗಿದರೆ ಕೂಡಿಯೇ ಬಾಗುವುವು. ಆದುದರಿಂದ ನಕ್ಷತ್ರದ ಬೆಳಕೆಲ್ಲವೂ ಒಟ್ಟಿಗೆ ಹೆಚ್ಚುವುದು, ಒಟ್ಟಿಗೆ ಕುಗ್ಗುವುದು. ಗುರುವಿನ ಎರಡಂಚುಗಳಿಂದ ಬರುವ ಕಿರಣಗಳಾದರೋ ಅದೇ ಎತ್ತರದಲ್ಲಿ ಸುಮಾರು ಎರಡೂವರೆ ಮೀಟರು ದೂರದೂರ ಇರುವುವು. ಅವುಗಳ ನಡುವೆ ಎಷ್ಟೋ ಪೊಟ್ಟಣಗಳು ಹಿಡಿಸುವುವು. ಬಿಂಬದ ಒಂದು ಮೂಲೆಯ ಬೆಳಕನ್ನು ಒಂದು ಪೊಟ್ಟಣವು ಕುಗ್ಗಿಸುವ ಗಳಿಗೆಯಲ್ಲಿಯೇ ಇನ್ನೊಂದು ಮೂಲೆಯ ಬೆಳಕನ್ನು ಮತ್ತೊಂದು ಹೆಚ್ಚಿಸುತ್ತಿರುವುದು. ಗ್ರಹದ ಪ್ರತಿಯೊಂದು ಬಿಂದುವೂ ಮಿನುಗುವುದು; ಗ್ರಹವು ಮಿನುಗುವುದಿಲ್ಲ. ಹೆಚ್ಚುಕಡಮೆಗಳು ಒಂದನ್ನೊಂದು ತುಂಬಿಕೊಂಡು ಮೊತ್ತವು ಒಂದೇ ಸಮನಾಗಿ ನಿಲ್ಲುವುದು.

ಕಾರ್ತಿಕದ ಲಕ್ಷದೀಪೋತ್ಸವದಲ್ಲಿ ಇದಕ್ಕೊಂದು ಹೋಲಿಕೆಯು ದೊರೆಯುವುದು. ಒಂದು ಹಣತೆಯ ಬಳಿ ಕುಳಿತು ನೋಡಿದರೆ ಕುಡಿಯು ಅತ್ತಿತ್ತ ಓಲಾಡುತ್ತಿರುವುದು. ಸಾವಿರಾರು ಹಣತೆಗಳನ್ನು ಹಚ್ಚಿದ ಅಂಗಳವನ್ನು ದೂರದ ದಿಬ್ಬದ ಮೇಲಿಂದ ನೋಡಿದರೆ ಒಂದೇ ಸಮನಾದ ಹೊಂಬೆಳಕು ಕಾಣುವುದು. ಅಲ್ಲಿ ಒಂದೊಂದು ಕುಡಿಯೂ ಅಲುಗುತ್ತಲೇ ಇರುವುದು, ಆದರೆ ಎಲ್ಲವೂ ಏಕಕಾಲದಲ್ಲಿ ಅಲುಗುವುದಿಲ್ಲ. ಹಣತೆಯ ಕುಡಿಯು ತಾನೇ ಅಲುಗುವುದರಿಂದ ಈ ಹೋಲಿಕೆಯು ಪೂರ್ಣವಲ್ಲ. ಮೊತ್ತವು ಸ್ಥಿರವಾಗುವ ಬಗೆಯನ್ನು ತೋರಿಸುವಷ್ಟಕ್ಕೆ ಮಾತ್ರ ಅದನ್ನು ಬಳಸಿಕೊಳ್ಳಬೇಕು.

ನಕ್ಷತ್ರವು ಬಿಂದುವೆಂಬುದಕ್ಕೂ ಗ್ರಹವು ಬಿಂಬವೆಂಬುದಕ್ಕೂ ಪ್ರತ್ಯಕ್ಷ ಪ್ರಮಾಣವೇನೆಂದು ಯಾರಾದರೂ ಕೇಳಬಹುದು. ಇಟಲಿಯ ಗೆಲಿಲಿಯೋ ೧೬೧೦ರಲ್ಲಿಯೇ ತನ್ನ ದುರ್ಬೀನಿನಲ್ಲಿ ಗ್ರಹಗಳು ದುಂಡಾದ ಬಿಂಬಗಳಾಗಿ ಬೆಳೆಯುವುದನ್ನೂ, ನಕ್ಷತ್ರಗಳು ಹಾಗೆ ಬೆಳೆಯದಿರುವುದನ್ನೂ ಕಂಡು ಬರೆದಿಟ್ಟನು. ಇದಕ್ಕಿಂತ ಸೊಗಸಾದ ಪ್ರಮಾಣವನ್ನು ಚಂದ್ರನು ಕೊಡುವನು. ಇಪ್ಪತ್ತೇಳು ನಕ್ಷತ್ರಗಳಲ್ಲಿ ಚಂದ್ರನಿಗೆ ರೋಹಿಣಿಯ ಮೇಲೆಯೇ ಹೆಚ್ಚು ಒಲವೆಂದು ಪುರಾಣದಲ್ಲಿ ಹೇಳಿರುವುದಷ್ಟೆ. ಕೆಲವು ವರ್ಷಗಳಲ್ಲಿ ಚಂದ್ರನು ತನ್ನ ದಾರಿಯಲ್ಲಿ ರೋಹಿಣಿಯನ್ನು ನಿಜವಾಗಿಯೂ ಮರೆಮಾಡುವನು. ಆಗ ನೋಡುವವರಿಗೆ, ಚಂದ್ರನ ಕತ್ತಲೆಯ ಅಂಚು ಮುಟ್ಟಿದೊಡನೆ ರೋಹಿಣಿಯು ಊದಿದ ದೀಪದಂತೆ ತಟಕ್ಕನೆ ನಂದಿಹೋಗುವುದು; ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯದು. ಗುರುವನ್ನು ಚಂದ್ರನು ಮರೆಮಾಡುವಾಗ ಮಾತ್ರ ಗ್ರಹದ ಬೆಳಕು ಒಂದು ನಿಮಿಷಕ್ಕೂ ಮೇಲ್ಪಟ್ಟು ಸ್ವಲ್ಪಸ್ವಲ್ಪವಾಗಿ ಕರಗುವುದು. ಅಗಲವಿಲ್ಲದ್ದು ಒಮ್ಮೆಗೇ ಮುಳುಗುವುದು, ಅಗಲವಿರುವುದು ಮೆಲ್ಲನೆ ಮುಳುಗುವುದು.

ಗಾಳಿಯೇ ಕಾರಣವಾದರೆ, ಎಲ್ಲಿ ಗಾಳಿಯು ಹೆಚ್ಚೋ ಅಲ್ಲಿ ಮಿನುಗೂ ಹೆಚ್ಚಬೇಕು. ಹಾಗೆಯೇ ಆಗುವುದು. ನೆತ್ತಿಯ ಮೇಲಣ ನಕ್ಷತ್ರದ ಬೆಳಕು ದಾಟುವ ಗಾಳಿಯನ್ನು ಒಂದು ಪಾಲೆಂದು ಎಣಿಸಿದರೆ, ದಿಗಂತದಿಂದ ೧೫ ಅಂಶ ಮೇಲಿರುವ ನಕ್ಷತ್ರದ್ದು ಸುಮಾರು ನಾಲ್ಕು ಪಾಲು. ೫ ಅಂಶ ಮೇಲಿರುವುದರದು ಹತ್ತು ಪಾಲು. ಇಲ್ಲಿ ಈ ಸೀಮೆಯವರಿಗೇ ಸೇರಿದ ಒಂದು ವಿಶೇಷವನ್ನು ಗಮನಿಸಬೇಕು. ಧ್ರುವನಕ್ಷತ್ರವು ಯಾವ ಊರಿನಲ್ಲಿಯೇ ಆಗಲಿ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುವುದು. ಹಂಪೆ ಹೊಸಪೇಟೆಗಳ ಅಕ್ಷಾಂಶವು ೧೫ಕ್ಕೆ ತುಸು ಹೆಚ್ಚು. ಆದುದರಿಂದ ಇಲ್ಲಿ ಧ್ರುವನು ಬಹು ತಗ್ಗಿನಲ್ಲಿ, ಬೆಟ್ಟಗಳ ತಲೆಯ ಮೇಲೆಯೇ ಕುಳಿತಂತಿರುವನು. ಹಂಪೆಯ ಅರಮನೆಯ ಪ್ರಾಕಾರಗಳನ್ನು ಅಳೆದುನೋಡಿದ ಜಾನ್ ಫ್ರಿಟ್ಸ್, ಮಾಲ್ವಿಲ್ ಮುಂತಾದ ಸಂಶೋಧಕರು ಆ ಪಟ್ಟಣದ ಉತ್ತರದಕ್ಷಿಣ ರೇಖೆಯು ಮಾತಂಗಪರ್ವತದ ಶಿಖರದ ವೀರಭದ್ರಾಲಯಕ್ಕೆ ನೇರವಾಗಿರುವುದನ್ನು ತೋರಿಸಿಕೊಟ್ಟಿರುವರು. ಅರಮನೆಯ ಕಡೆಯಿಂದ ರಾತ್ರಿ ಆ ಶಿಖರದತ್ತ ನೋಡುವವನಿಗೆ ಅದರ ಮೇಲ್ಗಡೆಯೇ ಧ್ರುವನು ಕಾಣಬರುವನು. ಅವನು ಕದಲದವನೆಂದು ಲೋಕದಲ್ಲೆಲ್ಲ ಪ್ರಸಿದ್ಧಿ. ನಾಲ್ಕು ಪಾಲು ಗಾಳಿಯ ಮೂಲಕ ಬರುವ ಅವನ ಬೆಳಕು ಮಾತ್ರ ಕದಲುತ್ತಲೇ ಇರುವುದು. ಮನೆಯಿಂದ ಮನೆಗೆ ಅಲೆಯುವ ಗುರು ಶನಿಗಳು ಅಲುಗದೆ ಬೆಳಗುವುವು. ಸ್ಥಾನವನ್ನೇ ಬಿಡದ ಧ್ರುವನು ಮಿನುಗುವನು. ಕಣ್ಣಿಗೆ ಕಂಡದ್ದನ್ನೇ ನಂಬಿ ನಡೆದರೆ ಸ್ಥಿರ ಯಾವುದು ಚರ ಯಾವುದೆಂಬ ವಿಷಯದಲ್ಲಿ ಮನುಷ್ಯನು ಪೂರ್ತಿಯಾಗಿ ಮೋಸಹೋಗುವನು.

ತೆಂಕಣದಲ್ಲಿ ಅಗಸ್ತ್ಯನಕ್ಷತ್ರದ ಸ್ಥಿತಿಯೂ ಇಂಥದೇ. ಅದು ಹೊಸಪೇಟೆಯಲ್ಲಿ ದಿಗಂತದಿಂದ ಸುಮಾರು ೨೨ ಅಂಶಗಳಿಗಿಂತ ಮೇಲೇರುವುದಿಲ್ಲ. ಲುಬ್ಧಕವು ಆಗತಾನೆ ಮೂಡಿ ಮೇಲೇರುತ್ತಿರುವಾಗ ಇನ್ನೊಂದು ವಿಚಿತ್ರವು ಕಾಣುವುದು. ಅದು ಮಿನುಗುವುದು ಮಾತ್ರವಲ್ಲದೆ, ಕೆಂಪು ಹಸುರು ನೀಲಿಗಳನ್ನು ಕ್ಷಣಕ್ಕೊಂದರಂತೆ ಕಾರುವುದು. ಗಾಳಿಯು ನೀಲಿಯ ಕಿರಣವನ್ನು ಕೆಂಪಿನದಕ್ಕಿಂತ ತುಸು ಹೆಚ್ಚಾಗಿ ಬಾಗಿಸುವುದರಿಂದ, ತಗ್ಗಿನ ದೀರ್ಘವಾದ ದಾರಿಯಲ್ಲಿ ಬೇರೆಬೇರೆ ಬಣ್ಣಗಳು ಬೇರೆಬೇರೆ ಪೊಟ್ಟಣಗಳ ಮೂಲಕ ಬರುವುವು. ಒಂದು ಬಣ್ಣವು ಕುಗ್ಗಿದಾಗ ಮತ್ತೊಂದು ಹೆಚ್ಚುವುದು. ಇದನ್ನು ಕಂಡು ಆಕಾಶದಲ್ಲಿ ಏನೋ ಉತ್ಪಾತವಾಯಿತೆಂದು ಬೆದರುವವರು ಇಂದಿಗೂ ಉಂಟು. ಅದು ಲುಬ್ಧಕ; ಅದರ ನಿಜವಾದ ಬಣ್ಣವು ನೀಲಿ ಬೆರೆತ ಬಿಳುಪು.

ಗ್ರಹಗಳು ಎಂದೆಂದಿಗೂ ಮಿನುಗುವುದೇ ಇಲ್ಲವೆಂದು ಆಣೆಯಿಟ್ಟು ಹೇಳುವುದೂ ತಪ್ಪು. ದಿಗಂತಕ್ಕೆ ತೀರ ಸಮೀಪವಾದಾಗ ಬೆಳ್ಳಿಯೂ ಮಿನುಗುವುದು. ಬುಧನ ಬಿಂಬವು ಕಿರಿದು, ಮತ್ತು ಅವನು ಸಂಜೆ ಮುಂಜಾವುಗಳಲ್ಲಿ ತಗ್ಗಿನಲ್ಲಿಯೇ ಕಾಣುವವನಾದುದರಿಂದ ಅನೇಕ ವೇಳೆ ನಕ್ಷತ್ರದಂತೆಯೇ ವರ್ತಿಸುವನು. ಅಂಗಾರಕನು ಭೂಮಿಯಿಂದ ದೂರವಾದಾಗ ಅವನ ಬಿಂಬವು ನಾಲ್ಕು ವಿಕಲೆಗಳಿಗೆ ಇಳಿದು, ಆಗ ಅವನಲ್ಲಿಯೂ ಸ್ವಲ್ಪ ಚಾಂಚಲ್ಯವು ತೋರುವುದು. ನಿಯಮವು ಗ್ರಹ ನಕ್ಷತ್ರಗಳೆಂಬ ಜಾತಿಯನ್ನು ನೋಡುವುದಿಲ್ಲ. ಬಿಂಬದ ಅಗಲವನ್ನೂ ಗಾಳಿಯ ಕಲಕಾಟವನ್ನೂ ಮಾತ್ರ ನೋಡುವುದು.

ಇದಕ್ಕೆ ಸೂರ್ಯನೇ ಸಾಕ್ಷಿ. ೧೯೮೦ನೆಯ ಇಸವಿ ಫೆಬ್ರವರಿ ೧೬ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಇಂತಹ ಗ್ರಹಣಗಳಲ್ಲಿ ಸೂರ್ಯಬಿಂಬವು ಕ್ಷೀಣಿಸುತ್ತ ಬಂದು ಒಂದು ದಾರದಷ್ಟು ತೆಳುವಾದಾಗ, ಪೂರ್ಣಗ್ರಹಣಕ್ಕೆ ಒಂದೆರಡು ನಿಮಿಷಗಳ ಮುಂಚೆ, ಸುಣ್ಣ ಬಳಿದ ಗೋಡೆಗಳ ಮೇಲೂ ಬಿಳಿಯ ಹಾಸುಗಳ ಮೇಲೂ ಮಂದವಾದ ಬೆಳಕು ನೆರಳುಗಳ ಪಟ್ಟಿಗಳು ಹಾವುಗಳಂತೆ ಹರಿದಾಡುವುದುಂಟು. ಬಿಂಬವು ಅಗಲವಾಗಿದ್ದಾಗ ಒಂದನ್ನೊಂದು ಅಳಿಸಿಹಾಕುತ್ತಿದ್ದ ಗಾಳಿಯ ನೆರಳುಗಳು, ಬಿಂಬವು ದಾರವಾದೊಡನೆ ಹೊರಬೀಳುವುವು. ಮಿನುಗದ ಸೂರ್ಯನು ಆ ಕೆಲವು ಗಳಿಗೆ ನಕ್ಷತ್ರಗಳ ಸಾಲಿಗೆ ಇಳಿಯುವನು. ಅಂದು ಭಯದಿಂದ ಬಾಗಿಲು ಕಿಟಕಿಗಳನ್ನು ಹಾಕಿಕೊಂಡು ಒಳಗೆ ಕುಳಿತ ಮನೆಗಳು ಅನೇಕವು. ಮರುಕಪಡತಕ್ಕ ಮಾತು.

ಮಿನುಗು ನೋಡುವವರಿಗೆ ಚೆಂದ. ಜ್ಯೋತಿರ್ವಿಜ್ಞಾನಿಗಳಿಗೆ ಅದೊಂದು ಪೀಡೆ. ದೊಡ್ಡ ದುರ್ಬೀನುಗಳಲ್ಲಿ ನಕ್ಷತ್ರದ ಬೆಳಕು ಹೆಚ್ಚುಕಡಮೆಯಾಗುವುದು ತಗ್ಗುವುದು ನಿಜ. ಅಗಲವಾದ ಕನ್ನಡಿಯು ಏಕಕಾಲದಲ್ಲಿ ಅನೇಕ ಬೆಳಕು ನೆರಳಿನ ಪಟ್ಟಿಗಳನ್ನು ಹಿಡಿದು ಕೂಡಿಸುವುದೇ ಇದಕ್ಕೆ ಕಾರಣ. ಆದರೆ ಬಿಂದುವಾಗಿರಬೇಕಾದ ನಕ್ಷತ್ರವು ಕದಡಿದ ಒಂದು ಮಚ್ಚೆಯಾಗಿ ತೋರುವುದು. ಈ ಎರಡನ್ನೂ ನ್ಯೂಟನ್ನನು ೧೭೦೪ರಲ್ಲಿ ಪ್ರಕಟಿಸಿದ ತನ್ನ ಬೆಳಕಿನ ಗ್ರಂಥದಲ್ಲಿ ವಿವರಿಸಿ, ಮೋಡಗಳಿಗೂ ಮೇಲಾದ ಉನ್ನತ ಪರ್ವತಗಳ ಶಾಂತವಾದ ಗಾಳಿಯೊಂದೇ ಇದಕ್ಕೆ ಮದ್ದೆಂದು ಸೂಚಿಸಿದನು. ಸಂಡೂರಿನ ಬೆಟ್ಟಸಾಲು ಸಮುದ್ರಮಟ್ಟದಿಂದ ಸುಮಾರು ೧೦೦೦ ಮೀಟರು ಎತ್ತರವಾದುದು. ಅಲ್ಲಿ ನಿಂತವನು ಗಾಳಿಯ ಹತ್ತರಲ್ಲೊಂದು ಪಾಲನ್ನು ಮಾತ್ರ ಕಾಲ ಕೆಳಗೆ ಬಿಟ್ಟಂತಾಗುವುದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ೪೫೦೦ ಮೀಟರು ಎತ್ತರದಲ್ಲಿ ಎರಡು ಮೀಟರು ಅಗಲದ ಕನ್ನಡಿಯ ದೂರದರ್ಶಕವನ್ನು ಸ್ಥಾಪಿಸಿ, ೨೦೦೦ದಲ್ಲಿ ಅದರಿಂದ ಮೊದಲ ಬೆಳಕನ್ನು ಪಡೆದರು. ಗಾಳಿಯ ಹತ್ತರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಅಲ್ಲಿ ಕೆಳಗುಳಿಯುವುದು. ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ಅದನ್ನು ನಡೆಸುವರು. ಹೊಸಕೋಟೆಯ ಕೋಣೆಯಲ್ಲಿರುವವನು ಹಿಮಾಲಯದ ಆಚೆಯ ಶಾಂತವಾದ ಗಾಳಿಯಲ್ಲಿ ಆಕಾಶವನ್ನು ನೋಡುವನು.

ಬೆಟ್ಟವನ್ನು ಹತ್ತಲಾರದ ಕಡೆಗಳಲ್ಲಿ ಮತ್ತೊಂದು ಉಪಾಯವುಂಟು. ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಲ್ಲಿ ನೀರು ನಿಂತ ೧೯೫೩ನೆಯ ವರ್ಷವೇ ಅಮೇರಿಕಾದ ಹೊರೇಸ್ ಬ್ಯಾಬ್‌ಕಾಕ್ ಎಂಬ ವಿಜ್ಞಾನಿಯು, ಗಾಳಿಯು ಕಿರಣವನ್ನು ಎಷ್ಟು ಬಾಗಿಸುವುದೋ ಅಷ್ಟನ್ನೇ ವಿರುದ್ಧವಾಗಿ ಬಾಗಿಸುವ ಕನ್ನಡಿಯನ್ನು ಮಾಡಬಹುದೆಂದು ಸೂಚಿಸಿದನು. ಅದು ಕೈಗೂಡಲು ದಶಕಗಳು ಹಿಡಿದುವು. ಈಗಿನ ಮಹಾದೂರದರ್ಶಕಗಳಲ್ಲಿ ತೆಳ್ಳನೆಯ ಕನ್ನಡಿಗಳು ಸೆಕೆಂಡಿಗೆ ನೂರಾರು ಸಲ ತಮ್ಮ ಆಕಾರವನ್ನು ತಿದ್ದಿಕೊಳ್ಳುತ್ತಿರುವುವು. ೧೯೯೦ರಲ್ಲಿ ಹಾರಿಸಿದ ಹಬಲ್ ದೂರದರ್ಶಕವು ಗಾಳಿಯನ್ನೇ ದಾಟಿ ಮೇಲೆ ಸುತ್ತುವುದು. ಅದಕ್ಕೆ ಯಾವ ನಕ್ಷತ್ರವೂ ಮಿನುಗುವುದಿಲ್ಲ.

ಇಷ್ಟು ದೊಡ್ಡ ಯಂತ್ರಗಳಿಲ್ಲದೆಯೂ ಈ ವಿಷಯವನ್ನು ಪರೀಕ್ಷಿಸಬಹುದು. ಸಂಡೂರಿನ ಬೆಟ್ಟದಲ್ಲಿ ಕುಮಾರಸ್ವಾಮಿಯ ಪುರಾತನ ದೇವಾಲಯವಿರುವುದು. ಆ ಕುಮಾರನಿಗೆ ಹಾಲೂಡಿದ ತಾಯಂದಿರು ಆರು ಮಂದಿ ಕೃತ್ತಿಕೆಯರೆಂದು ಪುರಾಣವು ಹೇಳುವುದು. ಆಕಾಶದಲ್ಲಿ ಅವರು ಆರು ತಾರೆಗಳ ಸಣ್ಣ ಗೊಂಚಲಾಗಿರುವರು. ಗಣಿಗಳ ಧೂಳೂ ತೋರಣಗಲ್ಲಿನ ಕಡೆಯ ದೀಪಗಳ ಬೆಳಕೂ ಹೆಚ್ಚಿದುದರಿಂದ ಆ ಸೀಮೆಯ ಆಕಾಶವು ಹಿಂದಿನಷ್ಟು ಕಪ್ಪಾಗಿ ಉಳಿದಿಲ್ಲವಾದರೂ, ಮರೆಯಾದ ಒಂದು ಎಡೆಯನ್ನು ಹುಡುಕಿಕೊಂಡರೆ ಕೃತ್ತಿಕೆಯರು ಕಾಣದೆ ಹೋಗರು. ಕಾರ್ತಿಕಮಾಸದ ಅಮಾವಾಸ್ಯೆಗೆ ಸಮೀಪವಾದ ಒಂದು ರಾತ್ರಿಯನ್ನು ಆರಿಸಿಕೊಂಡು, ಸಂಜೆ ಏಳರ ಸುಮಾರಿಗೆ ಮೂಡಣದಲ್ಲಿ ತಗ್ಗಿನಲ್ಲಿರುವ ಆ ಗೊಂಚಲನ್ನು ನೋಡಿ, ಅದು ಎಷ್ಟು ನಡುಗುವುದೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅನಂತರ ಒಂದು ನಿದ್ದೆ ತೆಗೆದು, ನಡುರಾತ್ರಿಯ ಹೊತ್ತಿಗೆ ಎದ್ದು ಮತ್ತೆ ನೋಡಬೇಕು. ಅಷ್ಟರಲ್ಲಿ ಕೃತ್ತಿಕೆಯರು ನೆತ್ತಿಯ ಸಮೀಪಕ್ಕೆ ಏರಿರುವರು. ಅವರ ನಡುಕವು ಬಹುಮಟ್ಟಿಗೆ ಇಳಿದಿರುವುದು. ಆ ವೇಳೆಗೆ ಅವರಿಗಿಂತ ತಗ್ಗಿನಲ್ಲಿ, ಆಗ್ನೇಯ ದಿಕ್ಕಿನಲ್ಲಿ, ಲುಬ್ಧಕವು ಇನ್ನೂ ಮಿನುಗುತ್ತಿರುವುದು.